ಕರಡಿಗೆ ಯಾವ ಪಿಸ್ತೂಲು?

ನಾನು ನಿವೃತ್ತನಾದ ದಿನ ವಿಭಾಗದವರು ಒಂದು ಕೇಕು ಕತ್ತರಿಸಿ, ಒಂದು ಹೂವಿನ ಕುಂಡ ಕೈಗಿತ್ತು, ಈ ಕುರ್ಚಿಗೆ ಮುಂದೆ ಬರುವವರಿಗಾಗಿ ಒಂದು ಟಿಪ್ಪಣಿ ಬರೆದಿಡಿ ಎಂದರು. ಸ್ವೀಡಿಷ್‌ನಲ್ಲಿ ಎರಡು ಪುಟ ಬರೆದುಕೊಟ್ಟೆ. ಉಗ್ರಾಣದ ಬೀಗದ ಕೈ ಎಲ್ಲಿ ನೇತಾಡುತ್ತದೆ, ಸೊಳ್ಳೆಪರದೆ ಎಲ್ಲಿಂದ ತರಿಸಬೇಕು, ಯಾವ ಪ್ರೊಫೆಸರರು ರಬ್ಬರ್ ಬೂಟು ವಾಪಸು ಕೊಡುವುದಿಲ್ಲ, ಇಷ್ಟೇ. ಅದರಲ್ಲಿ ಸುಳ್ಳೇನೂ ಇಲ್ಲ, ಉಪಯೋಗಕ್ಕೆ ಬರುವಂಥದ್ದೂ ಹೆಚ್ಚಿಲ್ಲ. ಉಪಯೋಗಕ್ಕೆ ಬರುವುದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನನ್ನ ಜಾಗಕ್ಕೆ ಬಂದಿರುವ ಹುಡುಗಿ ಮೈಸೂರಿನವಳು, ಓದಿಕೊಳ್ಳುತ್ತಾಳೆ. ನನ್ನ ಹಳೆಯ ಮೇಲಧಿಕಾರಿ ಗುನಿಲ್ಲಾಗೆ ಇದು ಅರ್ಥವಾಗುವುದಿಲ್ಲ ಎಂಬುದೂ ಒಂದು ಅನುಕೂಲ.

ನನ್ನ ಹುದ್ದೆಯ ಹೆಸರು ಒಂದೂವರೆ ಸಾಲಿನಷ್ಟು ಉದ್ದವಿತ್ತು. ಬಿಡಿಸಿ ಹೇಳುವುದಾದರೆ, ಕಾಡಿಗೆ ಹೋದ ಸಂಶೋಧಕರು ಕಾಡಿನಿಂದ ವಾಪಸು ಬರುವಂತೆ ನೋಡಿಕೊಳ್ಳುವವನು. ಬೆಂಗಳೂರಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ, ಸ್ವೀಡನ್ನಿನ ಎಸ್ಕಿಲ್‌ಸ್ಟುನಾದ ಮಣ್ಣು ತೋಡುವ ಯಂತ್ರಗಳ ಕಾರ್ಖಾನೆಯಲ್ಲಿ ಕೆಲವು ವರ್ಷ ಇದ್ದು, ಕೊನೆಗೆ ಈ ವಿಶ್ವವಿದ್ಯಾಲಯಕ್ಕೆ ಬಂದು ಬಿದ್ದವನು ನಾನು. ಕಾಡಿನ ಬಗ್ಗೆ ನನಗೆ ಗೊತ್ತಿದ್ದದ್ದು ಲಾಲ್‌ಬಾಗಿನಷ್ಟು. ಆದರೆ ಯಾರೇ ಕಾಡಿಗೆ ಹೊರಡಲಿ, ಮೊದಲು ‘ಅಪಾಯದ ಫಾರಂ’ ತುಂಬಬೇಕು, ಅದರ ಕೆಳಗೆ ನನ್ನ ಸಹಿ ಬೀಳಬೇಕು. ಸಹಿ ಇಲ್ಲದಿದ್ದರೆ ಕಾರಿನ ಕೀಲಿಯೂ ಸಿಗದು. ಇಪ್ಪತ್ತೆರಡು ವರ್ಷ ನಾನು ಹೀಗೆ ಸಹಿ ಹಾಕಿದೆ.

ಆ ಫಾರಂನಲ್ಲಿ ನಾನು ಕಂಡ ಅಪಾಯಗಳು ಬಹಳ ಸಪ್ಪೆಯವು. ಕಾಲು ಉಳುಕುವುದು, ಉಣ್ಣಿ ಹುಳ ಕಚ್ಚುವುದು, ಕಾರಿಗೆ ಕಡವೆ ಅಡ್ಡ ಬರುವುದು. ಒಮ್ಮೆ ಒಬ್ಬರು ತಮ್ಮದೇ ಡೇರೆಯ ಗೂಟಕ್ಕೆ ಎಡವಿ ಹಲ್ಲು ಮುರಿದುಕೊಂಡರು. ಸ್ವೀಡಿಷ್ ವಿದ್ಯಾರ್ಥಿಗಳು ನನ್ನ ಬಳಿ ಬಂದು ಕೇಳುತ್ತಿದ್ದುದು ಥರ್ಮಾಸ್ ಫ್ಲಾಸ್ಕ್ ಇದೆಯೇ ಎಂದು. ನಮ್ಮ ಕರ್ನಾಟಕದಿಂದ ಡಾಕ್ಟರೇಟ್ ಮಾಡಲು ಬಂದವರು ಮಾತ್ರ ಬಾಗಿಲು ಹಾಕಿಕೊಂಡು, ಕುರ್ಚಿ ಹತ್ತಿರ ಎಳೆದು, ದನಿ ತಗ್ಗಿಸಿ ಒಂದೇ ಪ್ರಶ್ನೆ ಕೇಳುತ್ತಿದ್ದರು. ಸರ್, ಕರಡಿಗೆ ಯಾವ ಪಿಸ್ತೂಲು ಕೊಡ್ತಾರೆ?

ನಗಬೇಡ. ಶುರುವಿನಲ್ಲಿ ನನಗೂ ಅದೇ ಚಿಂತೆ ಇತ್ತು. ಕೆಲಸಕ್ಕೆ ಸೇರಿದ ಮೊದಲ ವರ್ಷವೇ, ಯಾರನ್ನೂ ಕೇಳದೆ, ಹೊರದೇಶದಿಂದ ಕರಡಿ ಓಡಿಸುವ ಮೆಣಸಿನ ಸ್ಪ್ರೇ ಹನ್ನೆರಡು ಡಬ್ಬಿ ತರಿಸಿದೆ. ಮೆಣಸಿನಕಾಯಿ ತಾನೇ, ನಮ್ಮ ಮನೆಯಲ್ಲಿ ಇದಕ್ಕಿಂತ ಖಾರದ್ದು ಇದೆ ಎಂದುಕೊಂಡಿದ್ದೆ. ಈ ದೇಶದಲ್ಲಿ ಅದೂ ಆಯುಧವೇ, ಬಂದೂಕಿನ ಹಾಗೆಯೇ ಪೊಲೀಸರ ಪರವಾನಗಿ ಬೇಕು ಎಂಬುದು ಸುಂಕದವರ ಪತ್ರ ಬಂದಾಗ ತಿಳಿಯಿತು. ಪೊಲೀಸರಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿ ಬಹಳ ಮರ್ಯಾದೆಯಿಂದ, ಇದನ್ನು ಯಾರ ಮೇಲೆ ಬಳಸುವ ಉದ್ದೇಶವಿದೆ ಎಂದು ವಿಚಾರಿಸಿದಳು. ಕರಡಿಯ ಮೇಲೆ ಎಂದೆ. ಕರಡಿಗೆ ಪರವಾನಗಿ ಬೇಕಿಲ್ಲ, ನಿಮಗೆ ಬೇಕು ಎಂದಳು. ಗುನಿಲ್ಲಾ ನನಗೆ ಬೈಯಲಿಲ್ಲ. ಆಕೆ ಯಾರಿಗೂ ಬೈದವಳಲ್ಲ. ನನ್ನ ಎದುರು ಕೂತು, ಕಾಫಿ ಮುಗಿಯುವವರೆಗೂ ನನ್ನನ್ನೇ ನೋಡಿದಳು. ಬೈದಿದ್ದರೆ ಮರೆತುಬಿಡುತ್ತಿದ್ದೆ.

ಅಲ್ಲಿಂದ ಮುಂದೆ ಪಿಸ್ತೂಲಿನ ಪ್ರಶ್ನೆ ಬಂದಾಗಲೆಲ್ಲ ಒಂದು ಗಂಟೆ ಕೊಟ್ಟು ಕಳಿಸುತ್ತಿದ್ದೆ. ದನದ ಕೊರಳಿಗೆ ಕಟ್ಟುವಂಥ ಸಣ್ಣ ಗಂಟೆ, ಚೀಲಕ್ಕೆ ಕಟ್ಟಿಕೊಳ್ಳುವುದು. ಕರಡಿಗೆ ನಾವು ಬರುವುದು ಮೊದಲೇ ಗೊತ್ತಾದರೆ ಅದೇ ದೂರ ಹೋಗುತ್ತದೆ ಎಂದು ಹೇಳುತ್ತಿದ್ದೆ. ಹುಡುಗರು ಗಂಟೆಯನ್ನು ನೋಡುತ್ತಿದ್ದ ರೀತಿಯಿಂದ ನನ್ನ ಮೇಲಿನ ಗೌರವ ಎಷ್ಟು ಇಳಿಯಿತೆಂದು ಲೆಕ್ಕ ಹಾಕಬಹುದಿತ್ತು.

ಹೀಗೆ ನಡೆದುಕೊಂಡು ಹೋಗುತ್ತಿದ್ದ ಕೆಲಸದಲ್ಲಿ ಶ್ವೇತಾ ಬಂದಳು. ದಾವಣಗೆರೆಯ ಹುಡುಗಿ, ಇರುವೆಗಳ ಮೇಲೆ ಡಾಕ್ಟರೇಟ್. ಇಲ್ಲಿನ ಕಾಡಿರುವೆಗಳು ಸೊಂಟದೆತ್ತರ ಗೂಡು ಕಟ್ಟುತ್ತವೆ. ಅವಳು ಅದರ ಪಕ್ಕ ಮಂಡಿಯೂರಿ, ಒಂದು ನಳಿಕೆಯನ್ನು ಬಾಯಲ್ಲಿಟ್ಟುಕೊಂಡು ಇರುವೆಗಳನ್ನು ಸೀಸೆಗೆ ಹೀರಿಕೊಳ್ಳುತ್ತಾಳೆ. ಮಧ್ಯೆ ಜಾಲರಿ ಇರುವುದರಿಂದ ಇರುವೆ ಬಾಯಿಗೆ ಬರುವುದಿಲ್ಲ ಎನ್ನುತ್ತಾಳೆ, ನಾನು ನಂಬಿಲ್ಲ. ಎರಡು ಬೇಸಿಗೆ ಈ ದೇಶದ ದಕ್ಷಿಣದ ಕಾಡುಗಳಲ್ಲಿ ಕೆಲಸ ಮಾಡಿದ್ದಳು, ಅಲ್ಲಿ ಕರಡಿ ಇಲ್ಲ. ಮೂರನೆಯ ಬೇಸಿಗೆ ಉತ್ತರಕ್ಕೆ ಹೋಗಬೇಕಿತ್ತು. ಅಲ್ಲಿ ಕರಡಿ ಇದೆ. ಇದ್ದರೆ ಇರಲಿ ಎನ್ನಲು ಬರುವಂತಿರಲಿಲ್ಲ, ಏಕೆಂದರೆ ಬೇಸಿಗೆಯ ಶುರುವಿನಲ್ಲಿ ಕರಡಿಯ ಊಟವೇ ಇರುವೆ. ಅವಳೂ ಕರಡಿಯೂ ಒಂದೇ ಗೂಡಿಗೆ ಹೋಗುವವರು.

ಆ ಮೂರನೆಯ ಬೇಸಿಗೆಯ ಇರುವೆಗಳಿಲ್ಲದಿದ್ದರೆ ಪ್ರಬಂಧವಿಲ್ಲ, ಎರಡು ವರ್ಷದ ದುಡಿಮೆ ನೀರಿಗೆ. ಇದು ಅವಳ ಮನೆಯವರಿಗೂ ಗೊತ್ತು. ತಂದೆ ಇಲ್ಲದ ಮನೆ. ತಾಯಿ ಗಿರಿಜಾ ಮೇಡಂ ಹೈಸ್ಕೂಲಿನಲ್ಲಿ ಟೀಚರಾಗಿದ್ದು ನಿವೃತ್ತರಾದವರು. ಮನೆಯಲ್ಲಿ ಕೊನೆಯ ಮಾತು ಚಿಕ್ಕಪ್ಪನದು, ಸೈನ್ಯದಿಂದ ಬಂದ ಸುಬೇದಾರ್ ರುದ್ರಪ್ಪನವರದು. ಕರಡಿ ಕಾಡು ಅಂತೆಲ್ಲ ಇದ್ದರೆ ಓದು ಸಾಕು, ಹುಡುಗಿ ವಾಪಸು ಬರಲಿ ಎಂದು ಅವರು ಹೇಳಿಯಾಗಿತ್ತು.

ಜುಲೈ ಮೊದಲ ವಾರದ ಒಂದು ಸಂಜೆ ನಾನು ಸುಂಡ್‌ಬೀಬರ್ಯ್ ಬಡಾವಣೆಯ ನನ್ನ ಮನೆಗೆ ಹೋಗಲು ಪ್ಲಾಟ್‌ಫಾರಮ್ಮಿನಲ್ಲಿ ನಿಂತಿದ್ದಾಗ ಗಿರಿಜಾ ಮೇಡಂ ಫೋನ್ ಮಾಡಿದರು. ವಿಭಾಗದಲ್ಲಿ ಇರುವ ಹಿರಿಯ ಕನ್ನಡಿಗ ನಾನೇ ಎಂದು ಮಗಳಿಂದ ನಂಬರು ತೆಗೆದುಕೊಂಡಿದ್ದರು. ಊರು, ಉದ್ಯೋಗ, ಸ್ವೀಡನ್ನಿನಲ್ಲಿ ಹುರುಳಿಕಾಳು ಸಿಗುತ್ತದೆಯೇ ಎಲ್ಲ ವಿಚಾರಿಸಿಕೊಂಡು, ರೈಲು ಬರುತ್ತಿರುವುದು ನನಗೆ ಕಾಣಿಸುವ ಹೊತ್ತಿಗೆ ವಿಷಯಕ್ಕೆ ಬಂದರು.

“ನೋಡ್ರಿ ಸರ್, ಕರಡಿ ಇರೋ ಕಾಡಿಗೆ ನಮ್ಮ ಹುಡುಗೀನ ಬರಿಗೈಲಿ ಕಳಿಸ್ತೀರೇನು?”

“ಇಲ್ಲ ಇಲ್ಲ ಮೇಡಂ, ಪಿಸ್ತೂಲು ಇರುತ್ತೆ,” ಎಂದೆ.

ರೈಲು ತಪ್ಪಬಾರದೆಂದು ಹೇಳಿದ ಮಾತು ಅದು, ಬೇರೆ ಯಾವ ಕಾರಣವೂ ಇಲ್ಲ. ರೈಲು ಸಿಕ್ಕಿತು. ಕೂರಲು ಜಾಗವೂ ಸಿಕ್ಕಿತು. ನನ್ನ ವೃತ್ತಿ ಜೀವನದ ಅತಿ ದೊಡ್ಡ ತಪ್ಪನ್ನು ಮಾಡಿ ಕಿಟಕಿ ಪಕ್ಕ ಕೂತು ನೆಮ್ಮದಿಯಾಗಿ ಮನೆಗೆ ಹೋದೆ.

ಮರುದಿನ ಸುಬೇದಾರರ ಧ್ವನಿಸಂದೇಶ ಬಂತು. ನಳಿಗೆ ಯಾವ ಬೋರಿನದು, ರಿವಾಲ್ವರೋ ಆಟೊಮ್ಯಾಟಿಕ್ಕೋ, ಗುಂಡಿನ ತೂಕ ಎಷ್ಟು, ಮೂತಿ ಟೊಳ್ಳೋ ಗಟ್ಟಿಯೋ, ವಿವರವಾಗಿ ಬರೆದು ಕಳಿಸತಕ್ಕದ್ದು. ‘ತಕ್ಕದ್ದು’ ಎಂದೇ ಹೇಳಿದ್ದರು.  ಪಿಸ್ತೂಲಿಗೂ ರಿವಾಲ್ವರಿಗೂ ವ್ಯತ್ಯಾಸವಿದೆ ಎಂಬುದೇ ನನಗೆ ಅಂದು ತಿಳಿದದ್ದು. ಪಿಸ್ತೂಲು ಇಲ್ಲ ಸರ್, ತಪ್ಪಾಯಿತು ಎಂದು ಒಂದು ಸಾಲು ಬರೆದಿದ್ದರೆ ಮುಗಿದುಹೋಗುತ್ತಿತ್ತು. ಮುಗಿಯುತ್ತಿದ್ದದ್ದು ಹುಡುಗಿಯ ಡಾಕ್ಟರೇಟು. ಹಾಗಾಗಿ ಓದಲು ಕೂತೆ.

ಎರಡು ತಿಂಗಳು ಓದಿದೆ. ಡಿಪ್ಲೊಮಾಕ್ಕೆ ಅಷ್ಟು ಓದಿದ್ದರೆ ರ‍್ಯಾಂಕ್ ಬರುತ್ತಿತ್ತು. ಮೂತಿ ಟೊಳ್ಳಾದ ಗುಂಡು ಮಾಂಸಕ್ಕೆ ಹೊಕ್ಕ ಕೂಡಲೇ ಅರಳಿಕೊಂಡು ಅಲ್ಲೇ ನಿಲ್ಲುತ್ತದೆ. ಮನುಷ್ಯನಿಗೆ ಅದು ಸಾಕು. ಕರಡಿಗೆ ಮೊದಲು ತುಪ್ಪಳ, ಆಮೇಲೆ ಕೊಬ್ಬು, ಆಮೇಲೆ ಗೋಣಿಚೀಲದಷ್ಟು ದಪ್ಪ ಸ್ನಾಯು, ಆಮೇಲೆ ಮೂಳೆ. ಅದಕ್ಕೆ ಅರಳದೆ ನೇರ ಒಳಗೆ ಹೋಗುವ ಭಾರದ ಗಟ್ಟಿ ಸೀಸದ ಗುಂಡು ಬೇಕು. ನಲವತ್ತನಾಲ್ಕು ಮ್ಯಾಗ್ನಮ್ ರಿವಾಲ್ವರಿನಲ್ಲಿ ಆ ಶಕ್ತಿ ಇದೆ, ಆದರೆ ಆರೇ ಗುಂಡು, ಒದೆತ ಕತ್ತೆಯದು. ಹೊರಲು ಸುಲಭವೆಂದು ಹಗುರ ರಿವಾಲ್ವರ್ ಕೊಂಡರೆ, ಆ ಒದೆತಕ್ಕೆ ಉಳಿದ ಗುಂಡುಗಳು ತಮ್ಮ ತೋಟಾದಿಂದ ಮುಂದೆ ಜರುಗಿ ಗುಂಡು ತುಂಬುವ ಚಕ್ರವೇ ತಿರುಗದಂತಾಗಬಹುದು. ಹತ್ತು ಮಿಲಿಮೀಟರಿನ ಆಟೊಮ್ಯಾಟಿಕ್ಕಿಗೆ ಹದಿನೈದು ಗುಂಡು ತುಂಬಬಹುದು, ಒದೆತ ಕಡಿಮೆ, ಆದರೆ ಚಪ್ಪಟೆ ಮೂತಿಯ ಭಾರದ ಗುಂಡು ಕೆಲವು ಪಿಸ್ತೂಲುಗಳಲ್ಲಿ ಒಳಗೆ ಸಿಕ್ಕಿಕೊಳ್ಳುತ್ತದೆ. ಯಾವ ಪಿಸ್ತೂಲಿಗೆ ಯಾವ ಗುಂಡು ಒಗ್ಗುತ್ತದೆಂದು ಅದರಲ್ಲೇ ಹಾರಿಸಿ ನೋಡದೆ ನಂಬಬಾರದು. ಇದನ್ನೆಲ್ಲ ಮೂವತ್ತನಾಲ್ಕು ಪುಟದ ವರದಿ ಮಾಡಿದೆ. ಎಷ್ಟೇ ದೊಡ್ಡ ಬೋರಾದರೂ ಗುರಿ ತಪ್ಪಿದರೆ ಪ್ರಯೋಜನವಿಲ್ಲ ಎಂಬ ಮಾತನ್ನು ಮೂವತ್ತೊಂದನೆಯ ಪುಟದ ಅಡಿಟಿಪ್ಪಣಿಯಲ್ಲಿ ಸಣ್ಣಕ್ಷರದಲ್ಲಿ ಹಾಕಿದ್ದೆ.

ಸುಬೇದಾರರಿಗೆ ಸಾರಾಂಶ ಕಳಿಸಿದೆ. ನಲವತ್ತನಾಲ್ಕು, ಭಾರದ ರಿವಾಲ್ವರು, ಗಟ್ಟಿ ಗುಂಡು ಎಂದು ತೀರ್ಮಾನ ಬಂತು. ಗಿರಿಜಾ ಮೇಡಂ, ಸುರಕ್ಷತೆಯ ಸೂಚನೆಗಳ ಹಾಳೆ ಒಂದಿದೆಯಂತಲ್ಲ, ಅದನ್ನು ಕನ್ನಡದಲ್ಲಿ ಬರೆದು ಕಳಿಸಿ ಎಂದು ಮಾತ್ರ ಕೇಳಿದರು. ಕಳಿಸಿದೆ.

ಪೂರ್ತಿ ವರದಿಯನ್ನು ಗುನಿಲ್ಲಾಗೆ ಕೊಟ್ಟೆ. ಆಕೆಯ ಕ್ರಮವೇನೆಂದರೆ ಯಾವುದನ್ನೂ ಇಲ್ಲ ಎನ್ನುವುದಿಲ್ಲ, ಓದುತ್ತಾಳೆ. ಮೂವತ್ತನಾಲ್ಕು ಪುಟವನ್ನೂ ಓದಿ, ವಾರ ಬಿಟ್ಟು ಫಿಕಾ ಎಂಬ ಇಲ್ಲಿನ ಕಾಫಿ ತಿಂಡಿಯ ಹೊತ್ತಿನಲ್ಲಿ, ದಾಲ್ಚಿನ್ನಿ ಬನ್ನು ಮುರಿಯುತ್ತಾ, ಶ್ವೇತಾಳಿಗೆ ಎಷ್ಟು ಕೈ ಎಂದು ಕೇಳಿದಳು. ಎರಡು ಎಂದೆ. ಒಂದರಲ್ಲಿ ನಳಿಕೆ, ಇನ್ನೊಂದರಲ್ಲಿ ಸೀಸೆ ಎಂದು ಆಕೆಯೇ ಎಣಿಸಿದಳು. ಆಮೇಲೆ ಬನ್ನು ತಿಂದಳು. ನನ್ನ ಎರಡು ತಿಂಗಳ ಓದು ಅಲ್ಲಿಗೆ ಮುಗಿಯಿತು.

ನಾನೇನು ಸುಮ್ಮನಾಗುವವನೇ. ಪೊಲೀಸರಿಗೆ ಫೋನ್ ಮಾಡಿದೆ. ಅದೇ ಹೆಣ್ಣುಮಗಳು, ಈಗ ದೊಡ್ಡ ಹುದ್ದೆಯಲ್ಲಿದ್ದಾಳೆ, ಹೆಸರು ಹೇಳಿದ ಕೂಡಲೇ ಮೆಣಸಿನವರಾ ಎಂದಳು. ಕೈಬಂದೂಕಿನ ಪರವಾನಗಿ ಶೂಟಿಂಗ್ ಕ್ಲಬ್ಬಿನಲ್ಲಿ ಗುರಿ ಅಭ್ಯಾಸ ಮಾಡುವವರಿಗೆ ಸಿಗುತ್ತದೆ, ಅದೂ ಗುರಿ ಅಭ್ಯಾಸಕ್ಕೆ ಮಾತ್ರ, ಸೊಂಟಕ್ಕೆ ಸಿಕ್ಕಿಸಿಕೊಂಡು ಕಾಡಿಗೆ ಹೋಗುವುದಕ್ಕಲ್ಲ ಎಂದು ಬಿಡಿಸಿ ಹೇಳಿದಳು. ಬುದ್ಧಿ ಇದ್ದವನು ಅಲ್ಲಿ ಫೋನ್ ಇಡುತ್ತಿದ್ದ. ನಾನು ಹತ್ತಿರದ ಶೂಟಿಂಗ್ ಕ್ಲಬ್ಬಿಗೆ ಸೇರಿದೆ. ಪಿಸ್ತೂಲು ಕೊಡಲಾಗದಿದ್ದರೂ ಪಿಸ್ತೂಲು ಮುಟ್ಟಿದವನಾದರೂ ಆದರೆ ಹೇಳಿದ ಸುಳ್ಳು ಕಾಲುಭಾಗ ನಿಜವಾಗುತ್ತದೆ ಎಂಬುದು ನನ್ನ ಲೆಕ್ಕಾಚಾರವಾಗಿತ್ತು.

ಕ್ಲಬ್ಬಿನಲ್ಲಿ ಕಲಿಸುತ್ತಿದ್ದವನು ಲೆನ್ನಾರ್ಟ್, ಎಂಬತ್ತರ ಹತ್ತಿರದ ಮನುಷ್ಯ, ಅರ್ಧ ಕಿವುಡ. ಮೊದಲು ಸಣ್ಣ ಪಿಸ್ತೂಲಿನಲ್ಲಿ ಕಲಿಯೋಣ ಎಂದ. ನನಗೆ ನಲವತ್ತನಾಲ್ಕೇ ಬೇಕು, ಮನೆತನದ ತೀರ್ಮಾನ ಎಂದು ಹಟ ಹಿಡಿದೆ. ಕೆಲವು ವಾರ ಬೇಡವೆಂದು, ಕೊನೆಗೆ ಒಂದೇ ಒಂದು ಗುಂಡು ತುಂಬಿ ಕೊಟ್ಟ. ಹಾರಿಸಿದೆ. ಗುಂಡು ಎಲ್ಲಿ ಹೋಯಿತೋ ಕಾಣೆ, ರಿವಾಲ್ವರ್ ಮಾತ್ರ ಹಿಂದಕ್ಕೆ ಎಗರಿ ನನ್ನ ಹಣೆಯ ನಟ್ಟನಡುವೆ ಬಡಿಯಿತು. ಉದ್ದಕ್ಕೆ ಕೆಂಪಗೆ ಬರೆ ಎದ್ದಿತು. ಮನೆಗೆ ಹೋದರೆ ನನ್ನ ಹೆಂಡತಿ ಸುಮಾ ಬಾಗಿಲು ತೆಗೆದವಳೇ, ಯಾವ ದೇವಸ್ಥಾನಕ್ಕೆ ಹೋಗಿದ್ದಿರಿ, ನನ್ನನ್ನೂ ಕರೆಯಬಾರದಿತ್ತೇ ಎಂದು ಕೋಪ ಮಾಡಿಕೊಂಡಳು.

ಅಷ್ಟರಲ್ಲಿ ಆಯುಧಪೂಜೆ ಬಂತು. ಎಸ್ಕಿಲ್‌ಸ್ಟುನಾದ ಕಾಲದಿಂದಲೂ ನಾನು ಪ್ರತಿವರ್ಷ ಸ್ಪ್ಯಾನರ್ ಪೆಟ್ಟಿಗೆಗೆ ಕುಂಕುಮ ಇಟ್ಟವನು. ಈಗ ನಿಜವಾದ ಆಯುಧವೇ ಕೈಗೆ ಸಿಕ್ಕಿರುವಾಗ ಬಿಡಲು ಮನಸ್ಸಾಗಲಿಲ್ಲ. ಕ್ಲಬ್ಬಿನ ಬಂದೂಕನ್ನು ಮನೆಗೆ ಒಯ್ಯುವಂತಿಲ್ಲ, ಹಾಗಾಗಿ ಪೂಜೆಯನ್ನೇ ಕ್ಲಬ್ಬಿಗೆ ಒಯ್ದೆ. ನಮ್ಮ ದೇಶದ ಸಂಪ್ರದಾಯ ಎಂದಾಗ ಎಲ್ಲರೂ ಬಹಳ ಗೌರವದಿಂದ ಬಂದು ಸಾಲಾಗಿ ನಿಂತರು. ಒಬ್ಬರು ಬೂಟು ಬಿಡಬೇಕೇ ಎಂದು ಕೇಳಿದರು. ಬಿಟ್ಟರೆ ಒಳ್ಳೆಯದು ಎಂದುಬಿಟ್ಟೆ. ಅಕ್ಟೋಬರ್ ಚಳಿಯಲ್ಲಿ ಹತ್ತು ಜನ ಸ್ವೀಡಿಷರು ಕಾಲುಚೀಲದಲ್ಲಿ ಜಲ್ಲಿಯ ಮೇಲೆ ನಿಂತರು. ಲೆನ್ನಾರ್ಟ್ ರಿವಾಲ್ವರನ್ನು ಮೆತ್ತೆಯ ಮೇಲಿಟ್ಟು ಹಿಡಿದಿದ್ದ. ಗಂಧ, ಕುಂಕುಮ, ಹೂವು, ಮಂಗಳಾರತಿ ಎಲ್ಲ ಆಯಿತು. ಬೂದುಗುಂಬಳ ಸಿಗದೆ, ಅಂಗಡಿಯಲ್ಲಿ ರಾಶಿ ಹಾಕಿದ್ದ ಕಿತ್ತಳೆ ಬಣ್ಣದ ಕುಂಬಳಕಾಯಿ ತಂದು ಗೇಟಿನ ಎದುರು ಒಡೆದೆ. ಅದು ಒಡೆದದ್ದೇ ತಡ, ಆರು ಜನ ಬಗ್ಗಿ ಚೂರುಗಳನ್ನು ಆರಿಸಿ ಹಸಿಕಸದ ಡಬ್ಬಿಗೆ ಹಾಕಿದರು. ದೃಷ್ಟಿ ಡಬ್ಬಿಗೆ ಹೋಯಿತೋ ಎಲ್ಲಿಗೆ ಹೋಯಿತೋ.

ನಾನು ಮಾಡಿದ ತಪ್ಪೆಂದರೆ ಗಂಧವನ್ನು ನೀರಾಗಿ ತೇಯ್ದದ್ದು. ಅದು ರಿವಾಲ್ವರಿನ ಚಕ್ರದೊಳಗೆ ಇಳಿದು, ಮೇಲಿಂದ ಕುಂಕುಮ ಸೇರಿ, ವಾರದಲ್ಲಿ ಸಿಮೆಂಟಾಯಿತು. ಮುಂದಿನ ಅಭ್ಯಾಸಕ್ಕೆ ತೆಗೆದರೆ ಚಕ್ರ ಅಲ್ಲಾಡಲಿಲ್ಲ. ಲೆನ್ನಾರ್ಟ್ ಅದನ್ನು ಬಿಚ್ಚಿ ಹಲ್ಲುಜ್ಜುವ ಬ್ರಷ್ಷಿನಲ್ಲಿ ಅರ್ಧ ದಿನ ತಿಕ್ಕಿದ. ಬಟ್ಟೆಯಲ್ಲಿ ಬಂದ ಕೆಂಪು ಬಣ್ಣ ನೋಡಿ ಅವನಿಗೆ ಮೊದಲು ಗಾಬರಿಯಾಗಿತ್ತಂತೆ.  ಸ್ವಲ್ಪ ದಿನಕ್ಕೆ ಎಲ್ಲ ಸದಸ್ಯರಿಗೂ ಒಂದು ಮೇಲ್ ಬಂತು, ಇನ್ನು ಮುಂದೆ ಬಂದೂಕುಗಳಿಗೆ ಎಣ್ಣೆ ಬಿಟ್ಟು ಬೇರೆ ಯಾವ ಪದಾರ್ಥವನ್ನೂ ಹಚ್ಚಬಾರದು ಎಂದು. ಎಂಬತ್ತು ಜನಕ್ಕೆ ಕಳಿಸಿದ್ದರು, ಒಬ್ಬನಿಗೆ ಬರೆದದ್ದು.

ವಸಂತ ಬರುವ ಹೊತ್ತಿಗೆ ನಾನು ಸುಮಾರಾಗಿ ಗುರಿ ಹಿಡಿಯುತ್ತಿದ್ದೆ. ಎರಡು ಕೈ, ಮಣಿಕಟ್ಟು ಬಿಗಿ, ಕಾಲು ಅಗಲ, ಉಸಿರು ಹಿಡಿ, ಎಲ್ಲ ಮೈಗೆ ಹತ್ತಿತ್ತು. ನಿಂತಲ್ಲೇ ನಿಂತ ಕಾಗದಕ್ಕೆ ಹತ್ತರಲ್ಲಿ ಏಳು ಬೀಳುತ್ತಿತ್ತು. ಆಗ ಲೆನ್ನಾರ್ಟ್‌ಗೆ ನನ್ನ ಕರಡಿಯ ಕಥೆ ಹೇಳಿದೆ. ಅವನು ಉತ್ತರದವನು, ಹುಡುಗನಾಗಿದ್ದಾಗಿನಿಂದ ಬೇಟೆಯಾಡಿದವನು. ಮುಂದಿನ ವಾರಕ್ಕೆ ರಟ್ಟಿನಲ್ಲಿ ಒಂದು ಕರಡಿ ಕತ್ತರಿಸಿ, ಕಂದು ಬಣ್ಣ ಬಳಿದು, ಹಳಿಯ ಮೇಲೆ ಓಡುವ ಸಣ್ಣ ಗಾಡಿಯ ಮೇಲೆ ನಿಲ್ಲಿಸಿ, ಹಗ್ಗ ಕಟ್ಟಿ, ಹಗ್ಗವನ್ನು ನನ್ನ ಹಿಂದಿದ್ದ ಒಂದು ಮೋಟಾರಿಗೆ ಸುತ್ತಿದ. ಅದು ಮೂವತ್ತು ಮೀಟರಿನಿಂದ ನೇರ ನನ್ನ ಮೇಲೆ ಬರುತ್ತದೆ, ಹೊಡೆ ಎಂದ. ನಿಜವಾದ ಕರಡಿಯ ವೇಗದ ಅರ್ಧಕ್ಕೆ ಇಟ್ಟಿದ್ದೇನೆ, ನಿನಗೆ ವಯಸ್ಸಾಗಿದೆ ಎಂದೂ ಸೇರಿಸಿದ.

ರಟ್ಟಿನ ಕರಡಿ ಹೊರಟಿತು. ಮೊದಲ ಗುಂಡು ಹಳಿಗೆ ಬಿತ್ತು. ಎರಡನೆಯದು ನೆಲಕ್ಕೆ. ಮೂರನೆಯದು ಹಾರಿಸುವಷ್ಟರಲ್ಲಿ ಕರಡಿ ಬಂದು ನನ್ನ ಹೊಟ್ಟೆಗೆ ಗುದ್ದಿತು, ನಾನು ಹಿಂದಕ್ಕೆ ಕೂತೆ, ಅದು ನನ್ನ ಮೇಲೆ ಮಲಗಿತು. ಲೆನ್ನಾರ್ಟ್ ಮೊದಲು ಬಂದೂಕನ್ನು ನನ್ನ ಕೈಯಿಂದ ತೆಗೆದುಕೊಂಡು, ಆಮೇಲೆ ಕರಡಿಯನ್ನು ಎತ್ತಿ ನಿಲ್ಲಿಸಿ, ಕೊನೆಗೆ ನನ್ನನ್ನು ಎಬ್ಬಿಸಿದ.

“ಇಷ್ಟೊತ್ತಿಗೆ ಅದರ ಫಿಕಾ ಮುಗಿದಿರ್ತಿತ್ತು,” ಎಂದ.

ಅಂದು ಮನೆಗೆ ಬಂದು ಮೂವತ್ತೊಂದನೆಯ ಪುಟದ ಅಡಿಟಿಪ್ಪಣಿಯನ್ನು ತೆಗೆದು ಮೊದಲ ಪುಟದ ಮೊದಲ ಸಾಲು ಮಾಡಿದೆ. ಉಳಿದ ಪುಟಗಳನ್ನು ಹರಿದು ಹಾಕಿದೆ. ಆರು ತಿಂಗಳು ಕಲಿತ ನನಗೇ ಆಗದ್ದು, ಬಾಯಲ್ಲಿ ನಳಿಕೆ ಇಟ್ಟುಕೊಂಡು ಮಂಡಿಯೂರಿದ ಹುಡುಗಿಗೆ ಆಗುವುದಿಲ್ಲ. ಪಿಸ್ತೂಲು ಇದೆಯೆಂಬ ಧೈರ್ಯಕ್ಕೆ ಗಂಟೆ ಕಟ್ಟದೆ ಹೋದರೆ ಅದೇ ಅವಳಿಗೆ ಕಂಟಕ. ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ನಾನು ಕೊಡುತ್ತಿದ್ದ ಗಂಟೆಯ ಮೇಲೆ ನನಗೇ ನಂಬಿಕೆ ಇರಲಿಲ್ಲವಲ್ಲ ಎಂದು. ಇಬ್ಬರಿಗಿಂತ ಕಡಿಮೆ ಹೋಗಬಾರದು, ಮಾತಾಡುತ್ತಾ ನಡೆಯಬೇಕು, ಊಟ ಕಾರಿನಲ್ಲೇ ಇರಬೇಕು, ಕರಡಿ ಕಂಡರೆ ಓಡಬಾರದು, ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು, ಮೆಲ್ಲಗೆ ಮಾತಾಡುತ್ತಾ ಹಿಂದೆ ಹಿಂದೆ ಸರಿಯಬೇಕು. ಇವೆಲ್ಲ ನನ್ನ ಹಾಳೆಯಲ್ಲಿ ಮೊದಲಿನಿಂದಲೂ ಇದ್ದವು. ಆ ಹಾಳೆಯನ್ನು ಓದಿದವರನ್ನು ಅಲ್ಲಿಯವರೆಗೆ ನಾನು ಕಂಡಿರಲಿಲ್ಲ, ಎಲ್ಲರೂ ಕೆಳಗೆ ಸಹಿ ಹಾಕುತ್ತಾರೆ. ಶ್ವೇತಾಳೂ ಹಾಕಿದಳು.

ಸುಳ್ಳು ಮಾತ್ರ ಹಾಗೆಯೇ ಉಳಿಯಿತು. ಇವತ್ತು ಹೇಳೋಣ ನಾಳೆ ಹೇಳೋಣ ಎನ್ನುವಷ್ಟರಲ್ಲಿ ಜೂನ್ ಬಂತು, ಜೂನ್ ಜೊತೆಗೆ ಗಿರಿಜಾ ಮೇಡಂ ಬಂದರು. ಮಗಳ ಮನೆ ನೋಡಲು ಎಂದು ವೀಸಾದಲ್ಲಿ ಬರೆದಿತ್ತು. ಬಂದ ಮೂರನೆಯ ದಿನವೇ, ಮೊದಲ ಸುತ್ತಿಗೆ ನಾನೂ ಕಾಡಿಗೆ ಬರುತ್ತೇನೆ, ಸುಬೇದಾರರು ಕಣ್ಣಾರೆ ನೋಡಿ ಬಾ ಎಂದಿದ್ದಾರೆ, ನೋಡಿ ಹೇಳಿದ ಮೇಲೆ ಅವರದು ತೀರ್ಮಾನ ಎಂದರು. ಗುನಿಲ್ಲಾ ಅದಕ್ಕೂ ಇಲ್ಲ ಎನ್ನಲಿಲ್ಲ. ನೀನು ಜೊತೆಗೆ ಹೋಗು ಎಂದು ನನಗೆ ಹೇಳಿದಳು.

ಒಂದು ಇಡೀ ದಿನ ಕಾರಿನಲ್ಲಿ ಉತ್ತರಕ್ಕೆ ಹೋದೆವು. ದಾರಿಯುದ್ದಕ್ಕೂ ಗಿರಿಜಾ ಮೇಡಂ ಚಿತ್ರಾನ್ನ ಕೊಟ್ಟರು, ನನ್ನ ಸೊಂಟದ ಕಡೆ ನೋಡಿದರು, ಮತ್ತೆ ಚಿತ್ರಾನ್ನ ಕೊಟ್ಟರು. ಪಿಸ್ತೂಲಿನ ಮಾತೆತ್ತಲಿಲ್ಲ. ಮರುದಿನ ಬೆಳಿಗ್ಗೆ ಕಾಡಿನ ರಸ್ತೆಯಲ್ಲಿ ಕಾರು ನಿಲ್ಲಿಸಿದಾಗ ಡಬ್ಬಿಯನ್ನು ತಾವೇ ಕಾರಿನೊಳಗಿಟ್ಟು ಬಾಗಿಲು ಹಾಕಿದರು. ಹದಿನಾಲ್ಕು ಗೂಡುಗಳಲ್ಲಿ ಇರುವೆ ಹಿಡಿಯಬೇಕಿತ್ತು. ಗಂಟೆ ಕಟ್ಟಿಕೊಂಡು, ದಾವಣಗೆರೆಯ ಬೆಣ್ಣೆದೋಸೆಯ ವಿಷಯ ಜೋರಾಗಿ ಮಾತಾಡಿಕೊಂಡು, ಮೂರು ಗೂಡು ಮುಗಿಸಿ ನಾಲ್ಕನೆಯದಕ್ಕೆ ಬಂದೆವು. ಶ್ವೇತಾ ಮಂಡಿಯೂರಿ ನಳಿಕೆ ಬಾಯಿಗಿಟ್ಟಳು. ಗಾಳಿ ಜೋರಾಗಿತ್ತು, ಪಕ್ಕದಲ್ಲಿ ತೊರೆಯ ಸದ್ದು. ನಾವು ಮೂವರೂ ಇರುವೆ ನೋಡುತ್ತಾ ಮಾತು ನಿಲ್ಲಿಸಿದ್ದೆವು, ಗಂಟೆಗಳೂ ನಿಂತಿದ್ದವು.

ಐವತ್ತು ಹೆಜ್ಜೆ ಆಚೆ ಇನ್ನೊಂದು ಗೂಡು ಇತ್ತು. ಅದರ ಹಿಂದಿನಿಂದ ಕರಡಿಯ ತಲೆ ಮೇಲೆದ್ದಿತು. ಮೂತಿಗೆಲ್ಲ ಇರುವೆ, ಮಣ್ಣು. ನಮ್ಮಷ್ಟೇ ಅದಕ್ಕೂ ಆಶ್ಚರ್ಯವಾಗಿರಬೇಕು.

ಇಪ್ಪತ್ತೆರಡು ವರ್ಷ ಕರಡಿಯ ಬಗ್ಗೆ ಸಹಿ ಹಾಕಿದವನು ನಾನು, ಅವತ್ತೇ ಮೊದಲು ನೋಡಿದ್ದು. ಆ ಹಾಳೆ ಬರೆದವನೂ ನಾನೇ. ಅದರ ಒಂದು ಸಾಲೂ ನೆನಪಾಗಲಿಲ್ಲ.  ಕಾಲು ತಾವಾಗಿ ಅಗಲವಾದವು, ಉಸಿರು ಹಿಡಿಯಿತು, ಎಡಗೈ ಬಂದು ಬಲಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿಯಿತು, ತೋರುಬೆರಳು ಚಾಚಿಕೊಂಡಿತು. ಲೆನ್ನಾರ್ಟ್ ಕಲಿಸಿದ ಹಾಗೆ ಒಂದು ಕೂದಲೂ ತಪ್ಪದೆ, ಬರಿಗೈಯಲ್ಲಿ, ಕರಡಿಗೆ ಗುರಿಯಿಟ್ಟು ನಿಂತೆ. ಕರಡಿ ನನ್ನ ಬೆರಳನ್ನು ನೋಡಿತು.

ಆಗ ನನ್ನ ತೋಳನ್ನು ಯಾರೋ ಹಿಡಿದುಕೊಂಡರು. ಗಿರಿಜಾ ಮೇಡಂ. ಬೆಳಗಿನ ಹಾಜರಿ ಕೂಗುವ ದನಿಯಲ್ಲಿ, ಏರಿಸದೆ ಇಳಿಸದೆ ಹೇಳತೊಡಗಿದರು.

“ಓಡಬಾರ್ದು. ಅದರ ಕಣ್ಣು ನೋಡಬ್ಯಾಡ್ರಿ, ನೆಲ ನೋಡ್ರಿ. ಶ್ವೇತಾ, ಮೆಲ್ಲಕೆ ಏಳಮ್ಮ. ಸೀಸೆ ಅಲ್ಲೇ ಇರ್ಲಿ. ಒಂದು ಹೆಜ್ಜೆ ಹಿಂದಕ್ಕೆ. ಇನ್ನೊಂದು. ಸರ್, ನೀವೂ.”

ನನ್ನ ಹಾಳೆಯನ್ನೇ ಸಾಲು ಬಿಡದೆ ಒಪ್ಪಿಸುತ್ತಿದ್ದರು. ಕರಡಿ ಎದ್ದು ಹಿಂಗಾಲ ಮೇಲೆ ನಿಂತಿತು. ಅದು ಮೂಸಿ ನೋಡುವುದಕ್ಕೆ, ಕೋಪಕ್ಕಲ್ಲ ಎಂದು ಅದನ್ನೂ ಅವರು ಅದೇ ದನಿಯಲ್ಲಿ ಹೇಳಿದರು. ಅದೂ ಹಾಳೆಯ ಮಾತೇ. ಕರಡಿ ನಾಲ್ಕು ಕಾಲಿಗೆ ಇಳಿದು, ತಿರುಗಿ, ಮರಗಳ ನಡುವೆ ಓಡಿಹೋಯಿತು. ನಾನು ಕಾರಿನವರೆಗೂ ಬೆರಳು ಚಾಚಿಕೊಂಡೇ ಹಿಂದೆ ಹಿಂದೆ ನಡೆದೆನಂತೆ. ಶ್ವೇತಾ ಹೇಳಿದ್ದು.

ಕರಡಿ ಕಂಡ ಜಾಗಕ್ಕೆ ಅಂದು ಮತ್ತೆ ಹೋಗಬಾರದೆಂಬುದು ನಿಯಮ. ಕಾರಿನಲ್ಲಿ ಕೂತು, ಬಾಗಿಲು ಹಾಕಿ, ರಸ್ತೆಯ ಏರಿನವರೆಗೆ ಹೋಗಿ ನಿಲ್ಲಿಸಿದೆ.  ಇನ್ನು ತಡೆಯಲಾಗಲಿಲ್ಲ. ಪಿಸ್ತೂಲು ಇಲ್ಲ ಮೇಡಂ, ಯಾವತ್ತೂ ಇರಲಿಲ್ಲ, ನಾನು ಸುಳ್ಳು ಹೇಳಿದೆ, ಕ್ಷಮಿಸಿ ಎಂದೆ.

“ಅದು ನಂಗೆ ಆವತ್ತೇ ಗೊತ್ತಾತು ಸರ್,” ಎಂದರು. “ಭಾಳ ಬೇಗ ಉತ್ತರ ಕೊಟ್ರಿ ನೀವು. ಹೋಂವರ್ಕ್ ಮಾಡ್ದೆ ಬಂದ ಮಕ್ಕಳು ಹಂಗೇ ಉತ್ತರ ಕೊಡ್ತಾವೆ.”

“ಮತ್ತೆ ಯಾಕೆ ಸುಮ್ಮನಿದ್ರಿ ಮೇಡಂ?”

ಅವರು ಸೆರಗಿನಿಂದ ಕನ್ನಡಕ ಒರೆಸಿಕೊಂಡರು.

“ಕರಡಿಗೆ ಹೆದರಿದ್ದು ನಾನು. ನಮ್ಮ ಮೈದುನರಿಗೆ ಹೆದರಿಕೆ ಏನಿರ್ಲಿಲ್ಲ, ಅವ್ರಿಗೆ ಬ್ಯಾಡ ಅನ್ನಾಕೆ ಒಂದು ನೆಪ ಬೇಕಿತ್ತು. ನನಗೆ ಹೂಂ ಅನ್ನಾಕೆ ಒಂದು ನೆಪ ಬೇಕಿತ್ತು. ನೀವು ಕೊಟ್ರಿ. ಕಾಡಿಗೆ ಏನು ಬೇಕೋ ಅದು ನಿಮ್ಮ ಹಾಳೇಲಿ ಇತ್ತು, ಬಾಯಿಪಾಠ ಮಾಡ್ಕಂಡೆ. ಪಿಸ್ತೂಲು ಬೇಕಿದ್ದದ್ದು ಊರಾಗೆ.”

ಇಷ್ಟು ವರ್ಷ ನನ್ನ ಕೋಣೆಯ ಬಾಗಿಲು ಹಾಕಿಕೊಂಡು ಪಿಸ್ತೂಲು ಕೇಳಿದ ಮಕ್ಕಳೆಲ್ಲ ಕಣ್ಣೆದುರು ಬಂದರು. ಅವರಲ್ಲಿ ಎಷ್ಟು ಮಂದಿಗೆ ಕರಡಿಯ ಚಿಂತೆ ಇತ್ತೋ, ಎಷ್ಟು ಮಂದಿ ಮನೆಯವರಿಗೆ ಏನು ಹೇಳಲಿ ಎಂದು ಕೇಳುತ್ತಿದ್ದರೋ. ನಾನು ಒಬ್ಬರನ್ನೂ ವಿಚಾರಿಸದೆ ಗಂಟೆ ಕೊಟ್ಟು ಕಳಿಸಿದೆ. ನನ್ನ ಜಾಗಕ್ಕೆ ಬಂದವಳೇ, ನೀನು ಗಂಟೆಯನ್ನೇ ಕೊಡು, ಆದರೆ ಮನೆಯಲ್ಲಿ ಕೇಳುತ್ತಿರುವವರು ಯಾರು ಎಂದು ಮೊದಲು ಕೇಳು.

ಏರಿನ ಮೇಲೆ ಸಿಗ್ನಲ್ ಇತ್ತು. ಸುಬೇದಾರರ ಫೋನೇ ಬಂತು. ಗಿರಿಜಾ ಮೇಡಂ ಸ್ಪೀಕರಿಗೆ ಹಾಕಿ, ಕರಡಿ ಬಂದಿತ್ತು, ಸಾಹೇಬರು ಇದ್ದರು, ಹೋಯಿತು ಎಂದಷ್ಟೇ ಹೇಳಿ ಫೋನನ್ನು ನನ್ನ ಕೈಗೆ ಕೊಟ್ಟುಬಿಟ್ಟರು. ಇನ್ನು ಜನ್ಮದಲ್ಲಿ ಸುಳ್ಳು ಹೇಳುವುದಿಲ್ಲ ಎಂದು ನಾನು ಆಗಷ್ಟೇ ತೀರ್ಮಾನ ಮಾಡಿದ್ದೆ.

“ಎಷ್ಟು ಗುಂಡು ಖರ್ಚಾತು?” ಎಂದರು ಸುಬೇದಾರರು.

“ಒಂದೂ ಇಲ್ಲ ಸರ್.”

 “ಬರೇ ಗುರಿ ಹಿಡಿದ್ರಾ?”

“ಹಿಡಿದೆ ಸರ್. ಎರಡೂ ಕೈಲಿ.”

“ಭೇಷ್,” ಎಂದರು. “ಹಂಗಾರೆ ಪಾಪು ಕೆಲಸ ಮುಗಿಸ್ಕಂಡೇ ಬರ್ಲಿ.”

ಫೋನ್ ಇಟ್ಟೆ. ಗಿರಿಜಾ ಮೇಡಂ ಚಿತ್ರಾನ್ನದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿ ನನ್ನ ಕಡೆ ಚಾಚಿದರು.  ಹಿಂದಿನ ಸೀಟಿನಿಂದ ಶ್ವೇತಾ ಬಗ್ಗಿ ನಕ್ಷೆಯ ಮೇಲೆ ಬೆರಳಿಟ್ಟಳು.

“ಸರ್, ಈ ಕಡೆ ನಾಳೆ ಬರೋಣ. ಆ ಗುಡ್ಡದಾಚೆ ಆರು ಗೂಡಿದೆ, ಕಾರ್ ತಿರುಗಿಸಿ.”